ಟ್ಯೂಬಿಂಗನ್ನಿನ ಹನ್ನೊಂದು ಕಾರ್ಡುಗಳು

ಹಸ್ತಪ್ರತಿಯೊಂದು ಕೈಗೆ ಬಂದರೆ ಮೊದಲ ಗರಿಗಿಂತ ಮುಂಚೆ ಕೊನೆಯ ಗರಿಯನ್ನು ನೋಡುವುದು ನಮ್ಮ ಕ್ಷೇತ್ರದಲ್ಲಿರುವವರಿಗೆ ಅಂಟಿಕೊಂಡಿರುವ ಅಭ್ಯಾಸ. ಗ್ರಂಥದ ವಸ್ತು ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಬೇರೆ ಪ್ರತಿಗಳಲ್ಲಿಯೂ ಸಿಕ್ಕೀತು. ಆದರೆ ಲಿಪಿಕಾರನ ಹೆಸರು, ಬರೆಯಿಸಿದ ಶ್ರಾವಕಿಯ ಹೆಸರು, ಶಕವರ್ಷ, ತಿಥಿ, ಊರು ಇವು ಆ ಒಂದು ಪ್ರತಿಯ ಪುಷ್ಪಿಕೆಯಲ್ಲಿ ಮಾತ್ರ ಇರತಕ್ಕವು. ಟ್ಯೂಬಿಂಗನ್ನಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಚಿತ್ರದ ಅಂಚೆಕಾರ್ಡುಗಳ ಪೆಟ್ಟಿಗೆಯ ಮುಂದೆ ಕುಳಿತಾಗ ನಾನು ಮಾಡಿದ್ದೂ ಇದನ್ನೇ. ಪ್ರತಿಯೊಂದು ಕಾರ್ಡನ್ನೂ ತೆಗೆದ ಕೂಡಲೇ ಹಿಂದಕ್ಕೆ ತಿರುಗಿಸುತ್ತಿದ್ದೆ. ಅಂಗಡಿಯ ವೃದ್ಧರು ಸ್ವಲ್ಪ ಹೊತ್ತು ನೋಡಿ, ಉಳಿದ ಗಿರಾಕಿಗಳು ಚಿತ್ರವನ್ನು ನೋಡಿ ಕೊಳ್ಳುತ್ತಾರಲ್ಲ ಎಂದು ನಕ್ಕರು.

ಸ್ಟುಟ್‌ಗಾರ್ಟಿನಲ್ಲಿ ಒಂದು ದಿನದ ಬಿಡುವಿತ್ತು. ಅಲ್ಲಿಂದ ಟ್ಯೂಬಿಂಗನ್ನಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕನ್ನಡದ ವಿದ್ಯಾರ್ಥಿಗೆ ಈ ಊರು ಅಪರಿಚಿತವಲ್ಲ. ಕಿಟ್ಟೆಲ್ ಕೊನೆಯುಸಿರೆಳೆದ ಊರು ಇದು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ನೆಕ್ಕರ್ ನದಿಯ ದಡದಲ್ಲಿ ಏರಿಳಿತದ ಬೀದಿಗಳ, ಮರದ ತೊಲೆಗಳು ಎದ್ದು ಕಾಣುವ ಗೋಡೆಗಳ ಸಣ್ಣ ಪಟ್ಟಣ. ಎಬರ್‌ಹಾರ್ಡ್ ದೊರೆ 1477ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯವೇ ಇದರ ಜೀವಾಳ. ಕೆಪ್ಲರ್ ಇಲ್ಲಿ ಓದಿದ. ಹೆಗೆಲ್, ಶೆಲ್ಲಿಂಗ್, ಹೋಲ್ಡರ್‌ಲಿನ್ ಮೂವರೂ ಇಲ್ಲಿಯ ಧರ್ಮಶಿಕ್ಷಣದ ವಸತಿಶಾಲೆಯಲ್ಲಿ ಜೊತೆಗಿದ್ದವರು. ಬೆಟ್ಟದ ಮೇಲಿನ ಕೋಟೆಯ ಹಳೆಯ ಅಡಿಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಫ್ರೀಡ್ರಿಖ್ ಮೀಷರ್ 1869ರಲ್ಲಿ ಜೀವಕೋಶದ ಕೇಂದ್ರದಿಂದ ಹೊಸ ದ್ರವ್ಯವೊಂದನ್ನು ಬೇರ್ಪಡಿಸಿದ. ಈಗ ನಾವು ಡಿ.ಎನ್.ಎ. ಎನ್ನುವುದರ ಮೊದಲ ಸುಳಿವು ಅದು.

ಅದೇ 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾದಲ್ಲಿ ಪ್ರಪಂಚದ ಮೊದಲ ಸರಕಾರೀ ಅಂಚೆಕಾರ್ಡು ಮಾರಾಟಕ್ಕೆ ಬಂತು. ಅದಕ್ಕೂ ನಾಲ್ಕು ವರ್ಷ ಮೊದಲೇ, 1865ರಲ್ಲಿ, ಪ್ರಷ್ಯದ ಅಂಚೆ ಅಧಿಕಾರಿ ಹೈನ್ರಿಖ್ ಫಾನ್ ಸ್ಟೆಫಾನ್ ಇಂಥದೊಂದು ತೆರೆದ ಹಾಳೆಯ ಸಲಹೆಯನ್ನು ಜರ್ಮನ್ ಅಂಚೆ ಸಮ್ಮೇಳನದ ಮುಂದಿಟ್ಟಿದ್ದ. ಎಲ್ಲರ ಕಣ್ಣಿಗೂ ಬೀಳುವ ಪತ್ರವನ್ನು ಮರ್ಯಾದಸ್ಥರು ಬರೆಯುವುದುಂಟೆ ಎಂಬ ಶಂಕೆಯಲ್ಲಿ ಅದು ಬಿದ್ದುಹೋಯಿತು. ಆಸ್ಟ್ರಿಯಾದ ಅನುಭವ ಆ ಶಂಕೆಯನ್ನು ತೊಡೆದುಹಾಕಿತು. 1870ರ ಜುಲೈ 1ರಂದು ಉತ್ತರ ಜರ್ಮನಿಯಲ್ಲಿ ಕಾರ್ಡು ಬಂದಾಗ ಬರ್ಲಿನ್ ಒಂದರಲ್ಲಿಯೇ ಮೊದಲ ದಿನ 45 ಸಾವಿರಕ್ಕಿಂತ ಹೆಚ್ಚು ಮಾರಾಟವಾದವು. ಅದೇ ತಿಂಗಳು ಫ್ರಾನ್ಸಿನೊಡನೆ ಯುದ್ಧ ಆರಂಭವಾಯಿತು. ಸೈನಿಕರು ಬೆನ್ನಚೀಲದ ಮೇಲಿಟ್ಟು ಗೀಚಿದ ಕಾರ್ಡುಗಳು ಈ ಹೊಸ ಪದಾರ್ಥವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈನಲ್ಲಿ, ಕಾಲು ಆಣೆಯ ಬೆಲೆಗೆ. ನಮ್ಮ ಹಿರಿಯ ಸಂಶೋಧಕರು ಪಾಠಾಂತರವೊಂದನ್ನು ವಿಚಾರಿಸಲು, ಪ್ರತಿಯೊಂದರ ಗರಿಗಳ ಸಂಖ್ಯೆಯನ್ನು ಕೇಳಲು ಬಳಸುತ್ತಿದ್ದದ್ದು ಈ ಕಾರ್ಡನ್ನೇ. ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಕಾರ್ಡನ್ನು ಕಾಗದವೆಂದು ಎಣಿಸಿದವರು ಕಡಿಮೆ.

ಪೆಟ್ಟಿಗೆಯಲ್ಲಿ ಟ್ಯೂಬಿಂಗನ್ನಿನ ಕಾರ್ಡುಗಳು ಇನ್ನೂರಾದರೂ ಇದ್ದವು. ಹನ್ನೊಂದನ್ನು ಆರಿಸಿದೆ. ಆಯ್ಕೆಯ ನಿಯಮ ಒಂದೇ: ಅಂಚೆಯಲ್ಲಿ ಹೋಗಿಬಂದಿರಬೇಕು. ಬರೆಯದ ಕಾರ್ಡು ಎಷ್ಟೇ ಸುಂದರವಾಗಿದ್ದರೂ ಪುಷ್ಪಿಕೆಯಿಲ್ಲದ ಪ್ರತಿಯಂತೆ. ಅದನ್ನು ಯಾವ ಕಾಲಕ್ಕಾದರೂ ಎಳೆಯಬಹುದು.

ಕಾಲನಿರ್ಣಯದ ವಿಚಾರವಾಗಿ ಇಲ್ಲಿ ಎರಡು ಮಾತು ಹೇಳಬೇಕು. ಇದು ಸಂಗ್ರಾಹಕರ ಗೀಳು ಮಾತ್ರವಲ್ಲ, ಶಿಸ್ತಾದ ಶಾಸ್ತ್ರ. ಜರ್ಮನಿಯಲ್ಲಿ 1905ರ ತನಕ ಕಾರ್ಡಿನ ಒಂದು ಮಗ್ಗುಲು ಪೂರ್ತಿಯಾಗಿ ವಿಳಾಸಕ್ಕೆ ಮೀಸಲಾಗಿತ್ತು. ಬರೆಯುವುದೇನಿದ್ದರೂ ಚಿತ್ರದ ಮಗ್ಗುಲಿನಲ್ಲಿ, ಚಿತ್ರ ಬಿಟ್ಟುಕೊಟ್ಟ ಅಂಚಿನಲ್ಲಿ ಬರೆಯಬೇಕು. ಆಗಿನ ಮುದ್ರಕರು ಚಿತ್ರವನ್ನು ಒಂದು ಮೂಲೆಗೆ ಒತ್ತಿ, ಕೆಳಗೆ ಬಿಳಿಯ ಜಾಗ ಬಿಡುತ್ತಿದ್ದುದಕ್ಕೆ ಕಾರಣ ಸೌಂದರ್ಯದೃಷ್ಟಿಯಲ್ಲ, ಅಂಚೆಯ ಕಟ್ಟಳೆ. 1905ರಲ್ಲಿ ಹಿಂಬದಿಗೆ ನಡುವೆ ಗೆರೆಯೆಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದಾದ ಮೇಲೆ ಚಿತ್ರ ಇಡೀ ಮುಂಭಾಗವನ್ನು ಆಕ್ರಮಿಸಿಕೊಂಡಿತು. ಟ್ಯೂಬಿಂಗನ್ನಿಗೆ ಇನ್ನೊಂದು ಅನುಕೂಲವೂ ಉಂಟು. ಇದು ವ್ಯೂರ್ಟೆಂಬರ್ಗ್ ರಾಜ್ಯಕ್ಕೆ ಸೇರಿದ್ದ ಊರು. ಆ ರಾಜ್ಯ 1902ರ ಮಾರ್ಚ್ ಕೊನೆಯವರೆಗೂ ತನ್ನದೇ ಅಂಚೆಚೀಟಿಗಳನ್ನು ಇಟ್ಟುಕೊಂಡಿತ್ತು. ಹಾಗಾಗಿ ವ್ಯೂರ್ಟೆಂಬರ್ಗಿನ ಚೀಟಿ ಅಂಟಿಸಿದ, ಗೆರೆಯಿಲ್ಲದ ಬೆನ್ನಿನ ಕಾರ್ಡು ಮುದ್ರೆ ಅಳಿಸಿಹೋಗಿದ್ದರೂ ತನ್ನ ಕಾಲವನ್ನು ತಾನೇ ಹೇಳುತ್ತದೆ.

ನನ್ನ ಹನ್ನೊಂದರಲ್ಲಿ ಅಂಥದು ಒಂದು ಇದೆ. 1899ರ ಮುದ್ರೆ, ಐದು ಫೆನ್ನಿಗಿನ ಹಸಿರು ಚೀಟಿ, ಕಲ್ಲಚ್ಚಿನ ಬಣ್ಣಗಳಲ್ಲಿ ಟ್ಯೂಬಿಂಗನ್ನಿನಿಂದ ವಂದನೆ ಎಂಬ ಅಲಂಕೃತ ಅಕ್ಷರಗಳು, ಅವುಗಳ ಸುತ್ತ ಕೋಟೆ, ಚರ್ಚು, ನದಿ. ಉಳಿದ ಜಾಗದಲ್ಲಿ ಕರೆಂಟ್ ಎಂಬ ಹಳೆಯ ಜರ್ಮನ್ ಕೂಡಕ್ಷರದ ಬರೆಹ. ಈಗಿನ ಜರ್ಮನರಲ್ಲಿಯೂ ಬಹುಮಂದಿಗೆ ಅದು ಓದಲು ಬಾರದು; ಅವರ ಪಾಲಿಗೆ ಅದು ನಮಗೆ ತಿಗಳಾರಿ ಇದ್ದ ಹಾಗೆ. ಅಕ್ಷರಕೋಷ್ಟಕವನ್ನು ಪಕ್ಕಕ್ಕಿಟ್ಟುಕೊಂಡು ಎರಡು ಸಂಜೆ ಕುಳಿತು, ತಿಳಿದವರೊಬ್ಬರ ನೆರವಿನಿಂದ ಓದಿದೆ. ವಿದ್ಯಾರ್ಥಿಯೊಬ್ಬ ತಾಯಿಗೆ ಬರೆದದ್ದು. ತೊಳೆದ ಅಂಗಿಗಳು ತಲುಪಿದುವೆಂದೂ, ಕೊಠಡಿ ತೇವವಾಗಿದೆಯೆಂದೂ, ಪುಸ್ತಕಗಳಿಗೆ ಹಣ ಸಾಲದೆಂದೂ ಹೇಳುತ್ತಾನೆ. ಹೊಸ ಸಂಗತಿ ಏನೂ ಇಲ್ಲ. ಆದರೆ ಮುಂಭಾಗದ ಚಿತ್ರದಲ್ಲಿ ಚಂದ್ರ ಬೆಳಗುತ್ತಿದ್ದಾನೆ, ಕಿಟಕಿಗಳೆಲ್ಲ ಹೊಂಬಣ್ಣದಲ್ಲಿವೆ. ಅದರ ಅಂಚಿನಲ್ಲಿಯೇ ಒಬ್ಬ ಹುಡುಗ ತನ್ನ ಕೊಠಡಿಯ ತೇವದ ಬಗೆಗೆ ಬರೆಯುತ್ತಿದ್ದಾನೆ. ಊರು ತನ್ನ ಬಗೆಗೆ ಹೇಳಿಕೊಳ್ಳುವುದೂ ಊರಿನಲ್ಲಿ ಇರುವವನು ಹೇಳುವುದೂ ಒಂದೇ ಹಾಳೆಯ ಮೇಲೆ ಹೀಗೆ ಅಕ್ಕಪಕ್ಕ ನಿಲ್ಲುವುದು ಬೇರೆ ಆಕರಗಳಲ್ಲಿ ಅಪರೂಪ.

ಬೆಳದಿಂಗಳ ಬಗೆಗೆ ಓದುಗರು ಎಚ್ಚರದಿಂದಿರಬೇಕು. ಆ ಕಾಲದ ಬೆಳದಿಂಗಳ ಕಾರ್ಡುಗಳಲ್ಲಿ ಬಹುಪಾಲು ಹಗಲಿನ ಛಾಯಾಚಿತ್ರದಿಂದಲೇ ತಯಾರಾದವು. ಆಕಾಶಕ್ಕೆ ನೀಲಿ ಬಳಿದು, ಚಂದ್ರನನ್ನು ಕೂರಿಸಿ, ಕಿಟಕಿಗಳಿಗೆ ಹಳದಿ ಹಚ್ಚಿದರೆ ಮುಗಿಯಿತು. ತಂತಿಗಳನ್ನು ಅಳಿಸುವುದು, ಮೋಡ ಸೇರಿಸುವುದು, ಊರನ್ನು ಎಂದೂ ನೋಡದ ಕೆಲಸಗಾರ ಛಾವಣಿಗಳಿಗೆ ಬಣ್ಣ ನಿರ್ಧರಿಸುವುದು, ಇವೆಲ್ಲ ಆ ಉದ್ಯಮದ ನಿತ್ಯದ ಪರಿಪಾಠ. ಟ್ಯೂಬಿಂಗನ್ನಂತೂ ಚಿತ್ರಕ್ಕೆ ವಿಷಯವಾದ ಊರಷ್ಟೇ ಅಲ್ಲ, ಚಿತ್ರವನ್ನು ತಯಾರಿಸಿ ಮಾರಿದ ಊರೂ ಹೌದು. ಗೆಬ್ರೂಡರ್ ಮೆಟ್ಸ್ ಎಂಬ ಅಂಚೆಕಾರ್ಡು ಪ್ರಕಾಶನ ಇಲ್ಲಿಯದೇ. ಅದರ ಛಾಯಾಚಿತ್ರ ಸಂಗ್ರಹ ಈಗ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದ ಇತಿಹಾಸ ಸಂಗ್ರಹಾಲಯದ ವಶದಲ್ಲಿದೆ. ನನ್ನ ಕಾರ್ಡುಗಳಲ್ಲಿ ನಾಲ್ಕರ ಹಿಂಬದಿಯಲ್ಲಿ ಆ ಹೆಸರೇ ಇದೆ.

ಹನ್ನೊಂದರಲ್ಲಿ ಏಳು ಒಂದೇ ನೋಟದವು. ಸೇತುವೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದರೆ ಬಲದಡದಲ್ಲಿ ಸಾಲುಮನೆಗಳು, ನೀರಿನಲ್ಲಿ ಅವುಗಳ ನೆರಳು, ಹಳದಿ ಬಣ್ಣದ ದುಂಡು ಗೋಪುರ, ಎಡಕ್ಕೆ ನಡುಗಡ್ಡೆಯ ಮರಗಳು. ಗೋಪುರ ಹೋಲ್ಡರ್‌ಲಿನ್ ಕವಿಯದು. ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ಅವನನ್ನು ಬಡಗಿ ಎರ್ನ್‌ಸ್ಟ್ ಝಿಮ್ಮರ್ 1807ರಲ್ಲಿ ಮನೆಗೆ ಕರೆತಂದು ಇರಿಸಿಕೊಂಡ. 1843ರಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ, ಕವಿ ಅಲ್ಲಿಯೇ ಇದ್ದ. ಯಾತ್ರಿಕರು ಭಕ್ತಿಯಿಂದ ಅದರ ಚಿತ್ರ ತೆಗೆಯುತ್ತಾರೆ. ಆದರೆ ಆ ಗೋಪುರ 1875ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ಕಾಣುವುದು ಆಮೇಲೆ ಕಟ್ಟಿದ್ದು. ಚಿತ್ರದ ಕಾರ್ಡುಗಳ ಭರಾಟೆ ಆರಂಭವಾದದ್ದೇ ಅದರ ನಂತರವಾದ್ದರಿಂದ, ಕವಿ ಬದುಕಿದ್ದ ಕಟ್ಟಡವನ್ನು ತೋರಿಸುವ ಕಾರ್ಡು ಈ ಪೆಟ್ಟಿಗೆಯಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಲೋಕಕ್ಕೆಲ್ಲ ಪರಿಚಿತವಾದ ಹೋಲ್ಡರ್‌ಲಿನ್ ಗೋಪುರ ಹೋಲ್ಡರ್‌ಲಿನ್ ಕಾಣದ ಗೋಪುರ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನನ್ನ ಸಂಗ್ರಹದಲ್ಲಿದೆ: ಸೇತುವೆಯ ಬಳಿಯ ಉಲಾಂಡ್ ಕವಿಯ ಮನೆ. ಅದು 1944ರ ಬಾಂಬಿನಲ್ಲಿ ನಾಶವಾಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಊರು ಬಹುಮಟ್ಟಿಗೆ ಉಳಿದುಕೊಂಡಿತೆಂಬುದು ನಿಜ. ಉಳಿಯದೆ ಹೋದ ಕೆಲವೇ ಕಟ್ಟಡಗಳಲ್ಲಿ ಅದೊಂದು. ಅಲ್ಲಿ ಮೂರು ಯೂರೋದ ಕಾರ್ಡೇ ಸಾಕ್ಷಿ.

ಊರು ತನ್ನನ್ನು ತಾನೇ ಚಿತ್ರಿಸಿಕೊಂಡು ದೂರದವರಿಗೆ ಕಳುಹಿಸುವುದು ಯುರೋಪಿನ ಮುದ್ರಣಯಂತ್ರದಿಂದ ಹುಟ್ಟಿದ ಪದ್ಧತಿಯೆಂದು ನಾವು ತಿಳಿಯಬೇಕಾದ್ದಿಲ್ಲ. ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ಸಂಘಗಳಲ್ಲಿ ವಿಜ್ಞಪ್ತಿಪತ್ರವೆಂಬ ಒಂದು ಪರಂಪರೆಯಿತ್ತು. ಆಚಾರ್ಯರನ್ನು ಮುಂದಿನ ಚಾತುರ್ಮಾಸಕ್ಕೆ ತಮ್ಮ ಊರಿಗೆ ಬರಮಾಡಿಕೊಳ್ಳಲು ಸಂಘವು ಮಾರುಗಟ್ಟಲೆ ಉದ್ದದ ಸುರುಳಿಯನ್ನು ಬರೆಯಿಸಿ ಕಳುಹಿಸುತ್ತಿತ್ತು. ಮಂಗಲಚಿಹ್ನೆಗಳು, ತೀರ್ಥಂಕರರ ತಾಯಿ ಕಂಡ ಕನಸುಗಳು, ಅನಂತರ ಊರಿನ ಪೇಟೆ, ಅಂಗಡಿ, ಬಸದಿ, ಅರಮನೆ, ಕಟ್ಟಕಡೆಗೆ ಒಕ್ಕಣೆ ಮತ್ತು ಶ್ರಾವಕರ ರುಜುಗಳು. ಇವುಗಳಲ್ಲಿ ಹೆಸರಾದದ್ದು 1610ರಲ್ಲಿ ಆಗ್ರಾದ ಸಂಘ ವಿಜಯಸೇನಸೂರಿಗಳಿಗೆ ಕಳುಹಿಸಿದ ಪತ್ರ. ಮೊಗಲ್ ಕಲಾಶಾಲೆಯ ಶಾಲಿವಾಹನ ಅದರ ಚಿತ್ರಕಾರ. ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಜಹಾಂಗೀರನ ಫರ್ಮಾನಿನ ಪ್ರಸಂಗ ಅದರಲ್ಲಿ ಚಿತ್ರಿತವಾಗಿದೆ. ಹೀರಾನಂದ ಶಾಸ್ತ್ರಿಗಳು 1942ರಲ್ಲಿ ಬರೋಡದಿಂದ ಪ್ರಕಟಿಸಿದ ಗ್ರಂಥ ಈ ವಿಷಯಕ್ಕೆ ಇಂದಿಗೂ ಮೊದಲ ಆಕರ.

ವಿಜ್ಞಪ್ತಿಪತ್ರದ ಪೇಟೆಯಲ್ಲಿ ಅಂಗಡಿಗಳೆಲ್ಲ ತುಂಬಿವೆ. ಅಲ್ಲಿ ಬರಗಾಲವಿಲ್ಲ, ಸಾಲಗಾರನಿಲ್ಲ. ಅದು ಸುಳ್ಳೆಂದು ಯಾರೂ ಹೇಳಲಾರರು. ಅತಿಥಿ ಬರುವ ದಿನ ಅಂಗಳ ಗುಡಿಸಿದಂತೆ ಅದು. ಇತಿಹಾಸಕಾರ ಮಾತ್ರ ಗುಡಿಸಿದ ಕಸ ಎಲ್ಲಿಗೆ ಹೋಯಿತೆಂದು ವಿಚಾರಿಸಲೇಬೇಕು. ಚಿತ್ರದ ಕಾರ್ಡಿಗೂ ಇದೇ ಮಾತು.

ಒಂಬತ್ತನೆಯ ಕಾರ್ಡನ್ನು ಕೊಳ್ಳುವಾಗ ನಾನು ಗಮನಿಸಿದ್ದು ಹಿಂಡೆನ್‌ಬುರ್ಗನ ತಲೆಯಿರುವ ಆರು ಫೆನ್ನಿಗಿನ ಕಡುಹಸಿರು ಚೀಟಿಯನ್ನು ಮಾತ್ರ. ನದೀತೀರದ ಅದೇ ನೋಟ. ಹೊಟೇಲಿಗೆ ಮರಳಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ ಇದು ಮತ್ತು ಮೊದಲನೆಯ ಮಹಾಯುದ್ಧದ ಕಾಲದ ಇನ್ನೊಂದು ಕಾರ್ಡು ಒಂದೇ ಪಡಿಯಚ್ಚಿನಿಂದ ಮುದ್ರಿತವಾದವೆಂದು ಗೊತ್ತಾಯಿತು. ಅದೇ ದೋಣಿ, ದೋಣಿಯಲ್ಲಿ ಹುಟ್ಟುಗೋಲು ಹಿಡಿದ ಅದೇ ಮನುಷ್ಯ, ಗೋಡೆಯ ಮೇಲೆ ಅದೇ ನೆರಳು. ಹಿಂದಿನದನ್ನು ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕನೊಬ್ಬ ಚೀಟಿಯಿಲ್ಲದೆ, ಸೇನಾ ಅಂಚೆಯ ಮೂಲಕ ಕಳುಹಿಸಿದ್ದ. ಕಾಲಿನ ನೋವು ಇಳಿಯುತ್ತಿದೆಯೆಂದು ಬರೆದಿದ್ದ. ಎರಡನೆಯದರ ಮುದ್ರೆ 1938ರ ಡಿಸೆಂಬರ್. ಒಕ್ಕಣೆ ನಾಲ್ಕೇ ಸಾಲು: ಹಬ್ಬದ ಶುಭಾಶಯ, ಹವೆ ಒಣಗಿದೆ, ಎಲ್ಲರೂ ಕ್ಷೇಮ.

ಆ ಕಾರ್ಡು ಅಂಚೆಗೆ ಬೀಳುವುದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 9ರ ರಾತ್ರಿ, ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟಾಗ ಟ್ಯೂಬಿಂಗನ್ನಿನ ಮಂದಿರವೂ ಸುಟ್ಟುಹೋಗಿತ್ತು. ಗಾರ್ಟೆನ್‌ಸ್ಟ್ರಾಸೆ ಎಂಬ ಬೀದಿಯಲ್ಲಿ 1882ರಲ್ಲಿ ಕಟ್ಟಿದ್ದು. ಈ ಕಾರ್ಡುಗಳ ನೋಟ ಸಿಗುವ ಸೇತುವೆಯಿಂದ ಅಲ್ಲಿಗೆ ನಡೆದರೆ ಹತ್ತು ನಿಮಿಷ. ಈಗ ಅಲ್ಲಿ ಸ್ಮಾರಕವೊಂದಿದೆ. ಪೆಟ್ಟಿಗೆಯ ಇನ್ನೂರು ಕಾರ್ಡುಗಳಲ್ಲಿ ಆ ಮಂದಿರದ ಚಿತ್ರ ಒಂದೂ ಇರಲಿಲ್ಲ. ಕಾರ್ಡು ಬರೆದವರನ್ನು ನಾನು ದೂಷಿಸುತ್ತಿಲ್ಲ. ತೆರೆದ ಹಾಳೆಯಲ್ಲಿ, ಆ ವರ್ಷದಲ್ಲಿ, ಯಾರು ಏನನ್ನು ಬರೆಯಬಲ್ಲವರಾಗಿದ್ದರು? ಸ್ಟೆಫಾನನ ಸಲಹೆಯನ್ನು ತಿರಸ್ಕರಿಸಿದವರು ಹೆದರಿದ್ದು ಮನೆಯ ಗುಟ್ಟು ಅಂಚೆಯವನಿಗೆ ತಿಳಿದೀತೆಂದು. ಎಲ್ಲರೂ ಓದಬಲ್ಲ ಹಾಳೆ ಮನುಷ್ಯನನ್ನು ಹವೆಯ ಬಗೆಗೆ ಮಾತ್ರ ಬರೆಯುವಂತೆ ಮಾಡೀತೆಂಬುದು ಅವರಿಗೂ ಹೊಳೆದಿರಲಾರದು. ಒಂದು ಸಂಗತಿಯನ್ನಂತೂ ಒಪ್ಪಿಕೊಳ್ಳಬೇಕು. ಮುದ್ರೆಯ ದಿನಾಂಕವನ್ನು ಓದದಿದ್ದರೆ ಇದನ್ನು ನಾನು ಹಳೆಯ ಕಾಲದ ಒಂದು ನೆಮ್ಮದಿಯ ಚಿತ್ರವೆಂದೇ ಎಣಿಸಿ ಚೌಕಟ್ಟು ಹಾಕಿಸುತ್ತಿದ್ದೆ.

ಇದೇ ಊರಿನ ಭಾರತೀಯ ವಿದ್ಯೆಯ ಪೀಠಕ್ಕೂ ಆ ವರ್ಷಗಳ ಕಲೆ ತಾಗಿದೆ. ಸೇಂಟ್ ಪೀಟರ್ಸ್‌ಬರ್ಗ್ ಸಂಸ್ಕೃತ ಕೋಶವನ್ನು ಬೋಟ್‌ಲಿಂಕನೊಡನೆ ರಚಿಸಿದ ರುಡಾಲ್ಫ್ ರೋಟ್ ಕುಳಿತಿದ್ದ ಪೀಠ ಅದು. ಅವನ ಬಳಿಕ ಸಾಂಖ್ಯದ ವಿದ್ವಾಂಸ ರಿಚರ್ಡ್ ಗಾರ್ಬೆ. 1927ರಲ್ಲಿ ಅಲ್ಲಿಗೆ ಬಂದ ಯಾಕೋಬ್ ವಿಲ್ಹೆಲ್ಮ್ ಹವರ್ ಹಿಂದೆ ಬಾಸೆಲ್ ಮಿಷನ್ನಿನಿಂದ ಮಲಬಾರಿಗೆ ಬಂದಿದ್ದವನು, ಯೋಗದ ಬಗೆಗೆ ಬರೆದವನು. 1933ರಲ್ಲಿ ಜರ್ಮನ್ ಶ್ರದ್ಧಾ ಚಳವಳಿಯ ನಾಯಕನಾಗಿ ನಾಜಿಗಳ ಪಕ್ಷ ಹಿಡಿದ. ಯುದ್ಧಾನಂತರ ಅವನನ್ನು ತೆಗೆದ ಮೇಲೆ, 1946ರಲ್ಲಿ, ಆ ಸ್ಥಾನಕ್ಕೆ ಬಂದವರು ಹೆಲ್ಮುಟ್ ಫಾನ್ ಗ್ಲಾಸೆನಾಪ್. ಯಾಕೋಬಿಯವರ ಶಿಷ್ಯರು; ಜೈನರ ಕರ್ಮಸಿದ್ಧಾಂತದ ಮೇಲೆ ಪ್ರಬಂಧ ಬರೆದು 1925ರಲ್ಲಿ ಜೈನಧರ್ಮವನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದವರು. ಕೋನಿಗ್ಸ್‌ಬರ್ಗಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಇಲ್ಲಿಗೆ ಬಂದು, 1963ರಲ್ಲಿ ಇಲ್ಲಿಯೇ ತೀರಿಕೊಂಡರು. ಆರ್ಯತ್ವವನ್ನು ಬೋಧಿಸಿದ ಪೀಠದಿಂದಲೇ ಮರುವರ್ಷ ಅನೇಕಾಂತದ ಪಾಠ ಕೇಳಿಸಿತೆಂದರೆ ಅದು ಕಾಲದ ಆಕಸ್ಮಿಕ. ಆದರೂ ಜೈನ ವಿದ್ಯಾರ್ಥಿಯಾದ ನನಗೆ ಆ ಬೀದಿಗಳಲ್ಲಿ ನಡೆಯುವಾಗ ಅದು ಬಾರಿಬಾರಿಗೂ ನೆನಪಾಗುತ್ತಿತ್ತು.

ಇನ್ನು ಕಿಟ್ಟೆಲ್. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಮಂಗಳೂರಿನಿಂದ ಪ್ರಕಟಿಸಿ, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳ ಕೋಶವನ್ನು ಕೊಟ್ಟ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಮಂಗಳೂರ ಸಮಾಚಾರದ ಮೋಗ್ಲಿಂಗರೂ ಇದೇ ಊರಿನಲ್ಲಿ ಓದಿದವರು. ಮಲಯಾಳ ಕೋಶದ ಗುಂಡರ್ಟರ ಕಾಗದಪತ್ರಗಳು ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಕಿಟ್ಟೆಲರಿಗೆ ಪದವಿ ಬಂದ ವರ್ಷ ಗುಂಡರ್ಟರ ಮೊಮ್ಮಗ, ಹತ್ತೊಂಬತ್ತರ ಹರೆಯದ ಹರ್ಮನ್ ಹೆಸ್ಸೆ, ಚರ್ಚಿನ ಎದುರಿನ ಹೆಕ್ಕೆನ್‌ಹವರ್ ಪುಸ್ತಕದಂಗಡಿಯಲ್ಲಿ ಉಮೇದುವಾರನಾಗಿ ದುಡಿಯುತ್ತಿದ್ದ. ಆ ಅಂಗಡಿಯ ಚಿತ್ರವುಳ್ಳ ಕಾರ್ಡು ಈಗ ಧಾರಾಳವಾಗಿ ಸಿಗುತ್ತದೆ. ಕಿಟ್ಟೆಲರು 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಚಿತ್ರದ ಕಾರ್ಡುಗಳ ಸುಗ್ಗಿಯ ಕಾಲ. ಕಿಟ್ಟೆಲರದೇನಾದರೂ ಇದೆಯೇ ಎಂದು ವೃದ್ಧರನ್ನು ಕೇಳಿದೆ. ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಲು ಹೇಳಿದರು, ಕಾಗದದ ಮೇಲೆ ಬರೆದುಕೊಂಡರು, ಇಲ್ಲವೆಂದು ತಲೆಯಾಡಿಸಿದರು. ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಅವರ ಹೆಸರಿನ ಬಡಾವಣೆಯಿದೆ ಎಂದಾಗ ಆ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಅದು ಭಾದ್ರಪದ, ದಶಲಕ್ಷಣ ಪರ್ವ ಮುಗಿದು ಎರಡು ದಿನಗಳಾಗಿದ್ದವು. ವಿಜ್ಞಪ್ತಿಪತ್ರಗಳ ಒಕ್ಕಣೆಯಲ್ಲಿ ಆಮಂತ್ರಣದ ಜೊತೆಗೆ ಕ್ಷಮಾಯಾಚನೆಯೂ ಇರುತ್ತಿತ್ತು. ಅದರ ಮುಂದುವರಿಕೆಯೆಂಬಂತೆ ನಮ್ಮ ಮನೆಗಳಲ್ಲಿ ಕ್ಷಮಾವಾಣಿಯ ದಿನ ಬಂಧುಮಿತ್ರರಿಗೆ ಕಾರ್ಡು ಬರೆಯುವ ರೂಢಿ ನನ್ನ ಬಾಲ್ಯದಲ್ಲಿ ಗಟ್ಟಿಯಾಗಿತ್ತು; ತಂದೆಯವರು ಒಂದೇ ಕೂರಿನಲ್ಲಿ ನಲವತ್ತು ಬರೆದು ಮುಗಿಸುತ್ತಿದ್ದರು. ರೈಲುನಿಲ್ದಾಣದ ಬಳಿ ಹೊಸ ಕಾರ್ಡೊಂದನ್ನು ಕೊಂಡೆ. ಅದೇ ನದಿ, ಅದೇ ಗೋಪುರ. ಎಡಭಾಗದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಬೇಡುವ ಎರಡು ಸಾಲನ್ನು ಕನ್ನಡದಲ್ಲಿ ಬರೆದು, ಊರಿನಲ್ಲಿರುವ ಅಕ್ಕನ ವಿಳಾಸ ಹಾಕಿ ಹಳದಿ ಪೆಟ್ಟಿಗೆಗೆ ಹಾಕಿದೆ. ನಾನು ಮರಳಿದ ಎರಡು ವಾರಗಳ ಮೇಲೆ ಅದು ತಲುಪಿತು. ಅಕ್ಕ ಅದನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದಳು. ಅಭ್ಯಾಸಬಲದಿಂದ ತಿರುಗಿಸಿ ಮುದ್ರೆಯನ್ನು ನೋಡಿದೆ. ಯಂತ್ರ ಒತ್ತಿದ ಅಲೆಗೆರೆಗಳ ನಡುವೆ ದಿನಾಂಕವಿತ್ತು. ಊರಿನ ಹೆಸರಿರಬೇಕಾದಲ್ಲಿ ಬ್ರೀಫ್‌ಸೆಂಟ್ರುಮ್ 72 ಎಂದಿತ್ತು.